ಶಾಸನಪುಟಕ್ಕೆ ಸ್ಟೈಲ್‌ಷೀಟ್ ಕಂಪೈಲರನ್ನು ಅಣಿಗೊಳಿಸುವ ಕ್ರಮ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗಣಕಯಂತ್ರಕ್ಕೆ ಸಂಬಂಧಿಸಿದ ಲೇಖನವೇಕೆ ಎಂದು ಕೆಲವರಿಗಾದರೂ ಅನ್ನಿಸದಿರದು. ಆದ್ದರಿಂದ ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ಇತಿಹಾಸವನ್ನೂ ಕನ್ನಡವನ್ನೂ ಐಚ್ಛಿಕವಾಗಿ ಓದುತ್ತಿರುವ ಅಂತಿಮ ತರಗತಿಯ ನಾವು ಕೆಲವರು ಈ ವರ್ಷ ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ತಾಲ್ಲೂಕುಗಳ ಶಾಸನಪಾಠಗಳನ್ನು ಬೆರಳಚ್ಚು ಮಾಡಿ ಒಂದು ಜಾಲತಾಣವಾಗಿ ಜೋಡಿಸುವ ಕೆಲಸಕ್ಕೆ ಕೈಹಾಕಿದೆವು. ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಗೇ ಮೀಸಲಾದುದು. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ ಸಂಖ್ಯೆ ಕೊಟ್ಟಿದ್ದಾರೆ. ರಾಷ್ಟ್ರಕೂಟರ ಮೂರನೆಯ ಗೋವಿಂದನ ಕಾಲದ ಕಡಬದ ತಾಮ್ರಶಾಸನ ಗುಬ್ಬಿ ತಾಲ್ಲೂಕಿನದು. ತುಮಕೂರಿಗೆ ಸಮೀಪದ ಕೈದಾಳದಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಇಂಥ ಸಾಮಗ್ರಿ ನಮ್ಮ ಬಾಗಿಲಲ್ಲೇ ಇರುವಾಗ ಅದು ಗ್ರಂಥಾಲಯದ ಬೀರುವಿನಲ್ಲಿ ಮಾತ್ರ ಉಳಿಯಬಾರದೆಂಬುದು ನಮ್ಮ ಆಸೆ.

ಬೆರಳಚ್ಚಿನ ಮೊದಲ ಕಂತು ಮುಗಿದು ಪುಟವೇನೋ ತೆರೆದುಕೊಂಡಿತು. ಆದರೆ ಸಿದ್ಧರೂಪದಲ್ಲಿ ದೊರೆತ ವಿನ್ಯಾಸವೊಂದನ್ನು ಅದಕ್ಕೆ ತೊಡಿಸಿದ್ದೆವು. ಅದು ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದ ಅಂಗಿ. ಫೋನಿನ ತೆರೆಯ ಮೇಲೆ ಶೀರ್ಷಿಕೆಗಳ ಕೆಳಭಾಗ ಕತ್ತರಿಸಿಹೋಗಿ 'ಗುಬ್ಬಿ' ಎಂಬುದು 'ಗುಬಿ' ಎಂದು ಕಾಣಿಸುತ್ತಿತ್ತು. ಹಳ್ಳಿ ಹಳಿಯಾಯಿತು, ಬಳ್ಳಿ ಬಳಿಯಾಯಿತು. ಕಲ್ಲಿನ ಮೇಲೆ ಎಂಟುನೂರು ವರ್ಷ ಮಳೆ ಬಿಸಿಲುಗಳನ್ನು ತಾಳಿ ನಿಂತ ಒತ್ತಕ್ಷರ ಗಾಜಿನ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ. ಇದನ್ನು ಸರಿಪಡಿಸಬೇಕಾದರೆ ಸ್ಟೈಲ್‌ಷೀಟ್ ಎಂದರೇನು, ಅದನ್ನು ತಯಾರಿಸುವ ಕಂಪೈಲರ್ ಏನು ಮಾಡುತ್ತದೆ, ಆ ಕಂಪೈಲರನ್ನು ಪುಟ ಕಟ್ಟುವ ಉಪಕರಣಕ್ಕೆ ಜೋಡಿಸುವ ಪ್ಲಗಿನ್ನನ್ನು ಹೇಗೆ ಅಣಿಗೊಳಿಸಬೇಕು, ಇವನ್ನು ತಿಳಿಯದೆ ಗತಿಯಿಲ್ಲ. ತಿಳಿದುಕೊಂಡುದನ್ನು ಕಿರಿಯ ತರಗತಿಯ ಮಿತ್ರರಿಗೆ ಉಪಯೋಗವಾಗುವಂತೆ ಬರೆದಿಡುತ್ತಿದ್ದೇನೆ.

ಪಾರಿಭಾಷಿಕ ಪದಗಳನ್ನು ಆದಷ್ಟೂ ರೂಢಿಯಲ್ಲಿರುವಂತೆಯೇ ಇಟ್ಟುಕೊಂಡಿದ್ದೇನೆ. ನಮ್ಮ ತುಮಕೂರು ತಾಲ್ಲೂಕಿನ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು ೧೯೧೮ರಲ್ಲಿ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದವರಲ್ಲಿ ಒಬ್ಬರು. ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿ ನೂರು ವರ್ಷ ಮೀರಿರುವಾಗ ಸ್ಟೈಲ್‌ಷೀಟಿನ ಮಾತು ಕನ್ನಡದಲ್ಲಿ ಬಾರದೆನ್ನುವುದು ಸೋಮಾರಿತನವೇ ಸರಿ.

ಇನ್ನು ವಿಷಯಕ್ಕೆ ಬರೋಣ. ಜಾಲಪುಟದ ಹಿಂದೆ ಮುಖ್ಯವಾಗಿ ಎರಡು ಬಗೆಯ ಬರಹವಿರುತ್ತದೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ವಿಷಯವನ್ನು ವಿಂಗಡಿಸಿ ಹೇಳುವುದು ಎಚ್.ಟಿ.ಎಂ.ಎಲ್. ಆ ಶೀರ್ಷಿಕೆ ಎಷ್ಟು ದಪ್ಪ, ಯಾವ ಬಣ್ಣ, ಸಾಲು ಸಾಲಿಗೆ ಎಷ್ಟು ಅಂತರ ಎಂದು ಹೇಳುವುದು ಸಿ.ಎಸ್.ಎಸ್., ಅಂದರೆ ಸ್ಟೈಲ್‌ಷೀಟ್. ಗುಬ್ಬಿಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಬಾರದು. ೧೮೮೪ರಲ್ಲಿ ಹುಟ್ಟಿ ಮುಂದೆ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯಲ್ಲಿ ನಾಟಕದ ಹಸ್ತಪ್ರತಿಯೇ ಬೇರೆ, ಪರದೆ, ದೀಪ, ವೇಷಭೂಷಣಗಳ ವ್ಯವಸ್ಥೆಯೇ ಬೇರೆ. 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನು ರಂಗದ ಮೇಲೆ ತಂದರೂ ಹಸ್ತಪ್ರತಿಯ ಒಂದಕ್ಷರವೂ ಅದರಿಂದ ಬದಲಾಗಬೇಕಾಗಿರಲಿಲ್ಲ. ಜಾಲಪುಟದಲ್ಲಿಯೂ ಹೀಗೆ ಹಸ್ತಪ್ರತಿಯನ್ನೂ ವೇಷವನ್ನೂ ಬೇರ್ಪಡಿಸಬೇಕೆಂಬ ಸೂಚನೆಯನ್ನು ಹಾಕೋನ್ ವಿಯಂ ಲೀ ಎಂಬವರು ೧೯೯೪ರ ಅಕ್ಟೋಬರಿನಲ್ಲಿ ಮುಂದಿಟ್ಟರು. ೧೯೯೬ರ ಡಿಸೆಂಬರಿನಲ್ಲಿ ಸಿ.ಎಸ್.ಎಸ್.ನ ಮೊದಲ ಆವೃತ್ತಿ ಅಧಿಕೃತ ಶಿಫಾರಸಾಗಿ ಹೊರಬಂದಿತು.

ಆದರೆ ಆಗಿನ ಸಿ.ಎಸ್.ಎಸ್.ನಲ್ಲಿ ಒಂದು ಬೇಸರವಿತ್ತು. ಒಂದೇ ಬಣ್ಣವನ್ನು ನಲವತ್ತು ಕಡೆ ಬಳಸಿದರೆ ಆ ಬಣ್ಣದ ಅಂಕಿಯನ್ನು ನಲವತ್ತು ಕಡೆಯೂ ಬರೆಯಬೇಕು. ಬದಲಾಯಿಸಬೇಕೆಂದರೆ ನಲವತ್ತು ಕಡೆಯೂ ತಿದ್ದಬೇಕು. ಇದನ್ನು ತಪ್ಪಿಸಲು ೨೦೦೬ರಲ್ಲಿ ಹ್ಯಾಂಪ್ಟನ್ ಕ್ಯಾಟ್ಲಿನ್ ಎಂಬವರು 'ಸ್ಯಾಸ್' ಎಂಬ ಭಾಷೆಯನ್ನು ಕಲ್ಪಿಸಿದರು. ೨೦೦೯ರಲ್ಲಿ 'ಲೆಸ್', ೨೦೧೦ರಲ್ಲಿ 'ಸ್ಟೈಲಸ್' ಬಂದುವು. ಇವುಗಳಲ್ಲಿ ಬಣ್ಣಕ್ಕೊಂದು ಹೆಸರಿಟ್ಟು ಆ ಹೆಸರನ್ನೇ ಎಲ್ಲೆಡೆ ಬಳಸಬಹುದು. ಮತ್ತೆ ಮತ್ತೆ ಬರುವ ನಿಯಮಗಳ ಗುಂಪನ್ನು 'ಮಿಕ್ಸಿನ್' ಎಂದು ಒಂದೆಡೆ ಬರೆದು ಬೇಕಾದಲ್ಲಿ ಕರೆಸಿಕೊಳ್ಳಬಹುದು. ಬ್ರೌಸರಿಗೆ ಈ ಭಾಷೆ ಅರ್ಥವಾಗದು. ಆದ್ದರಿಂದ ಇದನ್ನು ಓದಿ ಶುದ್ಧ ಸಿ.ಎಸ್.ಎಸ್. ಆಗಿ ಪರಿವರ್ತಿಸುವ ಮಧ್ಯವರ್ತಿ ಬೇಕು. ಅದೇ ಕಂಪೈಲರ್.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಈಗಿನ ಬ್ರೌಸರುಗಳಲ್ಲಿ ಸಿ.ಎಸ್.ಎಸ್.ಗೇ ಹೆಸರಿಡುವ ಶಕ್ತಿ ಬಂದಿದೆ. ನಿಯಮದೊಳಗೆ ನಿಯಮ ಬರೆಯುವ ಅನುಕೂಲವೂ ೨೦೨೩ರಿಂದ ಮುಖ್ಯ ಬ್ರೌಸರುಗಳಲ್ಲೆಲ್ಲ ಇದೆ. ಹತ್ತು ಪುಟದ ಚಿಕ್ಕ ಕೆಲಸಕ್ಕೆ ಕಂಪೈಲರ್ ಬೇಡವೆಂದೇ ನನ್ನ ಅಭಿಪ್ರಾಯ. ನೊಣ ಹೊಡೆಯಲು ಒನಕೆ ಎತ್ತಿದಂತಾಗುತ್ತದೆ. ನಮ್ಮದರಲ್ಲಾದರೋ ಶಾಸನಪಾಠ, ಹೊಸಗನ್ನಡ ಸಾರಾಂಶ, ಟಿಪ್ಪಣಿ, ಊರುಗಳ ಪಟ್ಟಿ ಎಂದು ನಾಲ್ಕು ಬಗೆಯ ಬರಹ, ಮೂರು ತಾಲ್ಲೂಕಿಗೆ ಮೂರು ವಿಭಾಗ, ಪ್ರತಿಯೊಂದನ್ನೂ ಬೇರೆ ಬೇರೆ ವಿದ್ಯಾರ್ಥಿಗಳು ಬರೆಯುವ ಏರ್ಪಾಡು. ಕನ್ನಡಕ್ಕೆ ಬೇಕಾದ ಅಳತೆಗಳನ್ನೆಲ್ಲ ಒಂದೇ ಮಿಕ್ಸಿನ್ನಿನಲ್ಲಿ ಇಟ್ಟು ಎಲ್ಲರೂ ಅದನ್ನೇ ಕರೆಸಿಕೊಳ್ಳುವಂತೆ ಮಾಡದಿದ್ದರೆ ಒಂದು ಪುಟದಲ್ಲಿ ಒತ್ತು ಉಳಿದು ಇನ್ನೊಂದರಲ್ಲಿ ಹೋಗುವುದು. ಈ ಕಾರಣದಿಂದ ಸ್ಯಾಸ್ ಬೇಕಾಯಿತು.

ಸ್ಯಾಸ್ ಎಂದರೆ ಒಂದೇ ಕಂಪೈಲರ್ ಎಂದು ತಿಳಿಯಬಾರದು. ಮೊದಲನೆಯದು ರೂಬಿ ಭಾಷೆಯಲ್ಲಿ ಬರೆದದ್ದು. ೨೦೧೯ರ ಮಾರ್ಚಿಯಲ್ಲಿ ಅದರ ಆಯುಸ್ಸು ಮುಗಿಯಿತೆಂದು ಸಾರಿದರು. ಎರಡನೆಯದು ಸಿ ಪ್ಲಸ್ ಪ್ಲಸ್ ಭಾಷೆಯ 'ಲಿಬ್‌ಸ್ಯಾಸ್'. ಅದನ್ನೂ ೨೦೨೦ರ ಅಕ್ಟೋಬರಿನಲ್ಲಿ ಕೈಬಿಡುವ ಪ್ರಕಟಣೆ ಬಂತು. ಮೂರನೆಯದಾದ 'ಡಾರ್ಟ್ ಸ್ಯಾಸ್' ಈಗ ನಡೆಯುತ್ತಿರುವುದು. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹಳೆಯ ಪಾಠದ ಟಿಪ್ಪಣಿಗಳಲ್ಲಿ ಬಹುಪಾಲು 'ನೋಡ್-ಸ್ಯಾಸ್' ಎಂಬ ಪೊಟ್ಟಣವನ್ನು ಸ್ಥಾಪಿಸಿಕೊಳ್ಳಿರೆಂದು ಬರೆದಿರುತ್ತದೆ. ಅದರೊಳಗಿರುವುದು ಲಿಬ್‌ಸ್ಯಾಸ್. ಯಂತ್ರದಲ್ಲಿರುವ ನೋಡ್ ಆವೃತ್ತಿಗೂ ಅದಕ್ಕೂ ಹೊಂದಿಕೆಯಾಗದಿದ್ದರೆ ಅದು ತನ್ನನ್ನು ತಾನೇ ಸ್ಥಳದಲ್ಲಿ ಕಟ್ಟಿಕೊಳ್ಳಲು ಹೊರಟು, ಪೈಥಾನ್ ಎಲ್ಲಿ, ಸಿ ಪ್ಲಸ್ ಪ್ಲಸ್ ಕಂಪೈಲರ್ ಎಲ್ಲಿ ಎಂದು ಕೇಳುತ್ತ ಪುಟಗಟ್ಟಲೆ ಕೆಂಪಕ್ಷರ ಕಾರುತ್ತದೆ. ಪಾಠದಲ್ಲಿ ಹೇಳಿದುದನ್ನು ಅಕ್ಷರಶಃ ಮಾಡಿದ ಹಳ್ಳಿಯ ಹುಡುಗ, ಈ ವಿದ್ಯೆ ತನ್ನ ತಲೆಗೆ ಹತ್ತುವುದಲ್ಲವೆಂದು ಎದ್ದುಹೋಗುವುದು ಇಲ್ಲಿಯೇ. ತಲೆಯ ದೋಷ ಅದಲ್ಲ, ಪೊಟ್ಟಣದ ವಯಸ್ಸಿನ ದೋಷ. ಸ್ಥಾಪಿಸಬೇಕಾದದ್ದು ಬರಿಯ 'ಸ್ಯಾಸ್' ಎಂಬ ಹೆಸರಿನ ಪೊಟ್ಟಣ. ಅದು ಡಾರ್ಟ್ ಸ್ಯಾಸನ್ನೇ ಜಾವಾಸ್ಕ್ರಿಪ್ಟಿಗೆ ತಿರುಗಿಸಿದ ರೂಪ. ಸ್ಥಳದಲ್ಲಿ ಏನನ್ನೂ ಕಟ್ಟಿಕೊಳ್ಳದು, ಹಳೆಯ ಯಂತ್ರದಲ್ಲೂ ನಡೆಯುವುದು. 'ಸ್ಯಾಸ್-ಎಂಬೆಡೆಡ್' ಎಂಬ ಇನ್ನೊಂದು ಪೊಟ್ಟಣ ವೇಗದಲ್ಲಿ ಇದಕ್ಕಿಂತ ಮೇಲು, ಆದರೆ ಅದಕ್ಕೆ ಆಯಾ ಯಂತ್ರಕ್ಕೆ ತಕ್ಕ ಕಾರ್ಯಕಡತ ಬೇಕು. ಬಗೆಬಗೆಯ ಯಂತ್ರಗಳಿರುವ ನಮ್ಮಂಥವರ ಪ್ರಯೋಗಾಲಯಕ್ಕೆ ಮೊದಲನೆಯದೇ ಲೇಸು.

ಈಗ ಜೋಡಣೆಯ ಮಾತು. ಅನೇಕ ಕಡತಗಳನ್ನು ಓದಿ, ಪರಿವರ್ತಿಸಿ, ಬ್ರೌಸರಿಗೆ ಕಳುಹಿಸುವ ಕಟ್ಟುಗಳಾಗಿ ಮಾಡುವ ಉಪಕರಣಗಳಲ್ಲಿ 'ವೆಬ್‌ಪ್ಯಾಕ್' ೨೦೧೨ರಿಂದ ಬಳಕೆಯಲ್ಲಿದೆ. ಅದಕ್ಕೆ ಸ್ವಭಾವತಃ ತಿಳಿದಿರುವುದು ಜಾವಾಸ್ಕ್ರಿಪ್ಟ್ ಮತ್ತು ಜೇಸನ್ ಮಾತ್ರ. ಬೇರೆ ಬಗೆಯ ಕಡತ ಎದುರಾದರೆ ಏನು ಮಾಡಬೇಕೆಂದು ನಾವು ಹೇಳಿಕೊಡಬೇಕು. ಹೇಳಿಕೊಡುವ ಸ್ಥಳ ಅದರ ಸಂರಚನಾ ಕಡತ. ಅದರಲ್ಲಿ 'ಮಾಡ್ಯೂಲ್' ಎಂಬ ಶೀರ್ಷಿಕೆಯಡಿ 'ರೂಲ್ಸ್' ಎಂಬ ಪಟ್ಟಿ. ಪ್ರತಿಯೊಂದು ನಿಯಮಕ್ಕೂ ಎರಡು ಅಂಗ: 'ಟೆಸ್ಟ್' ಎಂಬುದರಲ್ಲಿ ಯಾವ ಕೊನೆಯುಳ್ಳ ಕಡತಕ್ಕೆ ಈ ನಿಯಮ ಎಂಬುದು, 'ಯೂಸ್' ಎಂಬುದರಲ್ಲಿ ಯಾವ ಲೋಡರುಗಳ ಕೈಗೆ ಅದನ್ನು ಒಪ್ಪಿಸಬೇಕೆಂಬುದು. ಸ್ಯಾಸ್ ಕಡತಕ್ಕೆ ಮೂರು ಲೋಡರುಗಳು ಬೇಕು. ಸ್ಯಾಸ್-ಲೋಡರ್ ಕಂಪೈಲರನ್ನು ಕರೆದು ಸಿ.ಎಸ್.ಎಸ್. ಮಾಡಿಸುವುದು, ಸಿ.ಎಸ್.ಎಸ್.-ಲೋಡರ್ ಅದರೊಳಗೆ ಉಲ್ಲೇಖವಾದ ಫಾಂಟು, ಚಿತ್ರಗಳ ವಿಳಾಸಗಳನ್ನು ಹಿಡಿಯುವುದು. ಸ್ಟೈಲ್-ಲೋಡರ್ ಸಿದ್ಧವಾದ ವೇಷವನ್ನು ಪುಟಕ್ಕೆ ತೊಡಿಸುವುದು.

ಕೆಲಸ ಈ ಕ್ರಮದಲ್ಲಿ ನಡೆಯುವುದಾದರೂ ಪಟ್ಟಿಯಲ್ಲಿ ಬರೆಯುವುದು ತಿರುಗುಮುರುಗು: ಮೊದಲು ಸ್ಟೈಲ್-ಲೋಡರ್, ಆಮೇಲೆ ಸಿ.ಎಸ್.ಎಸ್.-ಲೋಡರ್, ಕೊನೆಗೆ ಸ್ಯಾಸ್-ಲೋಡರ್. ವೆಬ್‌ಪ್ಯಾಕ್ ಪಟ್ಟಿಯನ್ನು ಬಲದಿಂದ ಎಡಕ್ಕೆ ನಡೆಸುತ್ತದೆ. ಹೊಸಬರನ್ನು ಬಹಳವಾಗಿ ಕಾಡುವ ಸ್ಥಳವಿದು. ಗಣಿತದವರು ಇದನ್ನು ಫಲನದೊಳಗಣ ಫಲನವೆಂದು ವಿವರಿಸುವರು. ಭಾಷೆಯ ವಿದ್ಯಾರ್ಥಿಗೆ ಬೇರೊಂದು ದಾರಿಯಿದೆ. 'ಕುಣಿಗಲ್ಲಿನ ದೊರೆಯ ಮಗನ ಕುದುರೆ' ಎಂದು ನಾವು ಹೇಳುತ್ತೇವೆ. ಊರಿನಿಂದ ಹೊರಟು ದೊರೆ, ಮಗ ಎಂದು ಮುಂದುವರಿದು ಕೊನೆಗೆ ಕುದುರೆಯನ್ನು ಮುಟ್ಟುತ್ತೇವೆ. ಇಂಗ್ಲಿಷಿನವರು ಕುದುರೆಯಿಂದ ಹೊರಟು ಮಗ, ದೊರೆ ಎಂದು ಹಿಂದೆ ಹಿಂದೆ ಸರಿದು ಕುಣಿಗಲ್ಲಿನಲ್ಲಿ ನಿಲ್ಲುವರು. ವೆಬ್‌ಪ್ಯಾಕಿನ ಪಟ್ಟಿ ಬರೆದಿರುವುದು ಇಂಗ್ಲಿಷಿನ ಷಷ್ಠಿಯಂತೆ, ಕೆಲಸ ನಡೆಯುವುದು ಕನ್ನಡದ ಷಷ್ಠಿಯಂತೆ. ಈ ಹೋಲಿಕೆಯನ್ನು ತರಗತಿಯಲ್ಲಿ ಹೇಳಿದ ಮೇಲೆ ಯಾರೂ ಕ್ರಮದಲ್ಲಿ ತೊಡಕು ಪಡಲಿಲ್ಲ. ಕ್ರಮ ತಪ್ಪಿದರೆ ಆಗುವುದಿಷ್ಟೆ: ಸ್ಯಾಸಿನ ಹೆಸರುಗಳನ್ನು ಸಿ.ಎಸ್.ಎಸ್.-ಲೋಡರ್ ನೇರವಾಗಿ ಓದಲು ಹೋಗಿ, ಅರ್ಥವಾಗದೆ ನಿಂತುಬಿಡುವುದು.

ಸ್ಯಾಸ್-ಲೋಡರಿಗೆ ಕೊಡಬೇಕಾದ ಸೂಚನೆಗಳಲ್ಲಿ ಮೂರು ಮುಖ್ಯ. ಒಂದು 'ಇಂಪ್ಲಿಮೆಂಟೇಷನ್'. ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ಕಂಪೈಲರುಗಳಿದ್ದರೆ ಲೋಡರ್ ತನಗೆ ತೋರಿದುದನ್ನು ಆರಿಸಿಕೊಳ್ಳುತ್ತದೆ. ಇದರಲ್ಲಿ ಹೆಸರು ಕೊಟ್ಟರೆ ಆ ಗೊಂದಲವಿಲ್ಲ. ಎರಡನೆಯದು 'ಅಡಿಷನಲ್‌ಡೇಟಾ'. ಇಲ್ಲಿ ಬರೆದ ಸಾಲನ್ನು ಲೋಡರ್ ಪ್ರತಿಯೊಂದು ಸ್ಯಾಸ್ ಕಡತದ ತಲೆಗೂ ಅಂಟಿಸುವುದು. ನಮ್ಮ ಕನ್ನಡದ ಅಳತೆಗಳ ಕಡತವನ್ನು ಕರೆಸುವ ಒಂದು ಸಾಲನ್ನು ಇಲ್ಲಿಟ್ಟೆವು. ಇದರಿಂದ ಹೊಸದಾಗಿ ಕಡತ ಬರೆಯುವವರು ಮರೆತರೂ ಅಳತೆ ಮರೆಯದು. ಆದರೆ ಒಂದು ಎಚ್ಚರ. ಹೀಗೆ ಅಂಟಿಸುವ ಕಡತದಲ್ಲಿ ಹೆಸರುಗಳೂ ಮಿಕ್ಸಿನ್ನುಗಳೂ ಮಾತ್ರ ಇರಬೇಕು. ಫಾಂಟಿನ ಘೋಷಣೆಯಂಥ ನಿಜವಾದ ನಿಯಮವನ್ನು ಅಲ್ಲಿಟ್ಟರೆ ಕಡತಗಳೆಷ್ಟೋ ಅಷ್ಟು ಸಾರಿ ಅದು ನಕಲಾಗಿ ಕಟ್ಟು ಊದಿಕೊಳ್ಳುವುದು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಪುಟ ತೆರೆಯುವವರಿಗೆ ಅದರ ಭಾರ ಗೊತ್ತಾಗುವುದು. ಮೂರನೆಯದಾದ 'ಸ್ಯಾಸ್‌ಆಪ್ಷನ್ಸ್' ಕುರಿತು ಮುಂದೆ ಹೇಳುತ್ತೇನೆ, ಏಕೆಂದರೆ ಕನ್ನಡದ ಕಷ್ಟ ಅಲ್ಲಿಯೇ ಇದೆ.

ಒಂದು ಕಡತದಿಂದ ಇನ್ನೊಂದನ್ನು ಕರೆಸುವ ಬಗೆಯಲ್ಲಿಯೂ ಹಳತು ಹೊಸತೆಂಬ ಭೇದವಿದೆ. ಹಳೆಯ 'ಇಂಪೋರ್ಟ್' ಆಜ್ಞೆ ಎಷ್ಟು ಸಾರಿ ಕರೆದರೆ ಅಷ್ಟು ಸಾರಿ ಕಡತವನ್ನು ಮತ್ತೆ ಸುರಿಯುತ್ತಿತ್ತು. ಯಾರ ಹೆಸರು ಯಾರದೆಂಬ ಗಡಿಯೂ ಇರುತ್ತಿರಲಿಲ್ಲ. ೨೦೧೯ರಲ್ಲಿ ಬಂದ 'ಯೂಸ್' ಆಜ್ಞೆ ಕಡತವನ್ನು ಒಂದೇ ಸಾರಿ ತಂದು, ಅದರ ಹೆಸರುಗಳನ್ನು ಆ ಕಡತದ ಹೆಸರಿನೊಡನೆಯೇ ಹೇಳುವಂತೆ ಮಾಡುತ್ತದೆ. ೨೦೨೪ರ ಅಕ್ಟೋಬರಿನ ೧.೮೦ನೆಯ ಆವೃತ್ತಿಯಿಂದ ಇಂಪೋರ್ಟ್ ಬಳಸಿದರೆ ಕಂಪೈಲರ್ ಎಚ್ಚರಿಕೆ ನೀಡುತ್ತದೆ. ಮೂರನೆಯ ಮಹಾ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕುವ ನಿರ್ಧಾರವಾಗಿದೆ. ಇನ್ನು ಮುಂದೆ ಬರೆಯುವವರು ಅದನ್ನು ಕಲಿಯದಿರುವುದೇ ಉತ್ತಮ.

೨೦೨೦ರಲ್ಲಿ ಬಂದ 'ವೀಟ್' ಎಂಬ ಉಪಕರಣವನ್ನು ಬಳಸುವವರಿಗೆ ಲೋಡರುಗಳ ಈ ಮೆರವಣಿಗೆ ಬೇಡ. ಸ್ಯಾಸ್ ಪೊಟ್ಟಣವನ್ನು ಸ್ಥಾಪಿಸಿದರೆ ಸಾಕು, ಉಳಿದುದನ್ನು ಅದೇ ನೋಡಿಕೊಳ್ಳುವುದು. ಸೂಚನೆಗಳನ್ನು 'ಸಿ.ಎಸ್.ಎಸ್.' ಎಂಬ ಶೀರ್ಷಿಕೆಯಡಿ 'ಪ್ರಿಪ್ರಾಸೆಸರ್ ಆಪ್ಷನ್ಸ್' ಎಂಬಲ್ಲಿ ಬರೆಯಬೇಕು. ಅಡಿಷನಲ್‌ಡೇಟಾ ಅಲ್ಲಿಯೂ ಇದೆ, ಮೇಲೆ ಹೇಳಿದ ಎಚ್ಚರವೂ ಅದೇ. ಹೊಸದಾಗಿ ಆರಂಭಿಸುವವರಿಗೆ ವೀಟ್ ಸುಲಭವೆಂದು ಒಪ್ಪುತ್ತೇನೆ. ಆದರೆ ಒಳಗೆ ನಡೆಯುವುದೇನೆಂದು ತಿಳಿಯಲು ವೆಬ್‌ಪ್ಯಾಕನ್ನು ಒಮ್ಮೆಯಾದರೂ ಕೈಯಾರೆ ಜೋಡಿಸಿ ನೋಡುವುದು ಒಳ್ಳೆಯದು. ಮುಂದಿನ ಮಾತುಗಳಲ್ಲಿ ಬಹುಭಾಗ ಎರಡಕ್ಕೂ ಸಲ್ಲುವುವು.

ಕಂಪೈಲರಿನೊಳಗೆ ಕನ್ನಡ ಅಕ್ಷರ ಹೋದರೆ ಏನಾಗುವುದು? ಮೊದಲು ಸಂತೋಷದ ಸಂಗತಿ. ಸ್ಯಾಸಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೇ ಇಡಬಹುದು. 'ಬಣ್ಣ', 'ಸಾಲು', 'ಅಂಚು' ಎಂದು ನಾವು ಇಟ್ಟಿದ್ದೇವೆ; ಕಂಪೈಲರ್ ತಕರಾರು ಮಾಡಲಿಲ್ಲ. ಆದರೆ ಎಲ್ಲ ಹೆಸರೂ ಸುರಕ್ಷಿತವಲ್ಲ. 'ರೇಖೆ' ಎಂಬುದನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ 'ರೇ'ಯನ್ನು ಎರಡು ವಿಧದಲ್ಲಿ ಬರೆಯಬಹುದು: ರಕಾರಕ್ಕೆ ದೀರ್ಘ ಏಕಾರದ ಒಂದೇ ಗುರುತನ್ನು ಸೇರಿಸಿ ಒಂದು, ಹ್ರಸ್ವ ಎಕಾರದ ಗುರುತನ್ನೂ ಅದರ ಮೇಲೆ ದೀರ್ಘದ ಗುರುತನ್ನೂ ಬೇರೆ ಬೇರೆಯಾಗಿ ಸೇರಿಸಿ ಇನ್ನೊಂದು. ಕಣ್ಣಿಗೆ ಎರಡೂ ಒಂದೇ; ಯೂನಿಕೋಡಿನ ಶಾಸ್ತ್ರದ ಪ್ರಕಾರವೂ ಸಮಾನವೇ. ಆದರೆ ಸ್ಯಾಸಾಗಲಿ ಬ್ರೌಸರಾಗಲಿ ಹೆಸರುಗಳನ್ನು ಹೋಲಿಸುವಾಗ ಈ ಸಮಾನತೆಯನ್ನು ಲೆಕ್ಕಿಸದೆ ಸಂಕೇತಗಳನ್ನೇ ಎಣಿಸುವುವು. ಇಬ್ಬರು ಎರಡು ಬಗೆಯ ಕೀಲಿಮಣೆಯಲ್ಲಿ ಬೆರಳಚ್ಚು ಮಾಡಿದರೆ ಒಬ್ಬರ 'ರೇಖೆ' ಇನ್ನೊಬ್ಬರಿಗೆ ಪರಕೀಯವಾಗಬಹುದು. ಓಕಾರಕ್ಕೂ ಇದೇ ಗತಿ. ಆದಕಾರಣ ದೀರ್ಘ ಏಕಾರ ಓಕಾರಗಳಿಲ್ಲದ ಹೆಸರುಗಳನ್ನೇ ಆರಿಸಿಕೊಳ್ಳುವ ನಿಯಮ ಮಾಡಿಕೊಂಡೆವು. ಛಂದಸ್ಸಿನ ಕಟ್ಟಿಗಿಂತ ಇದೇನೂ ಕಠಿಣವಲ್ಲ.

ಇನ್ನು ಕಷ್ಟದ ಸಂಗತಿ. ಹೆಸರುಗಳು ಕಂಪೈಲರಿನಲ್ಲಿಯೇ ಕರಗಿಹೋಗುವುವು. ಎರಡು ಓರೆಗೆರೆಗಳ ಮುಂದೆ ಬರೆದ ಟಿಪ್ಪಣಿಯೂ ಹೊರಗೆ ಬಾರದು. ಆದರೆ ನಿಯಮದೊಳಗೆ ತೋರಿಸಬೇಕಾದ ಕನ್ನಡ ಪದವಿದ್ದರೆ ಅದು ಹೊರಬರುವ ಸಿ.ಎಸ್.ಎಸ್.ನಲ್ಲಿ ಉಳಿಯುತ್ತದೆ. ಕಲ್ಲು ಒಡೆದು ಪಾಠ ಲುಪ್ತವಾದ ಸ್ಥಳದಲ್ಲಿ 'ತ್ರುಟಿತ' ಎಂದು ತಾನಾಗಿಯೇ ಮೂಡುವಂತೆ ನಾವು ಇಂಥ ಒಂದು ನಿಯಮವನ್ನು ಬರೆದಿದ್ದೇವೆ. ಹೀಗೆ ಆಸ್ಕಿಯ ಹೊರಗಿನ ಅಕ್ಷರವೊಂದು ಉಳಿದರೂ ಡಾರ್ಟ್ ಸ್ಯಾಸ್ ಒಂದು ಗುರುತು ಹಾಕುವುದು. ಬಿಡಿಸಿ ಬರೆಯುವ ರೂಪದಲ್ಲಾದರೆ ಕಡತದ ತಲೆಯಲ್ಲಿ 'ಇದರ ಲಿಪಿಸಂಕೇತ ಯು.ಟಿ.ಎಫ್.-೮' ಎಂಬ 'ಚಾರ್‌ಸೆಟ್' ಘೋಷಣೆ. ಒತ್ತಿ ಕಿರಿದಾಗಿಸಿದ ರೂಪದಲ್ಲಾದರೆ ಕಣ್ಣಿಗೆ ಕಾಣದ ಒಂದು ಅಕ್ಷರ. ಒಂದೇ ಕಡತವಿದ್ದಾಗ ಇದು ಉಪಕಾರವೇ. ಅನೇಕ ಕಡತಗಳನ್ನು ಒಂದರ ಹಿಂದೊಂದು ಅಂಟಿಸಿ ಒಂದೇ ಕಟ್ಟು ಮಾಡಿದಾಗ ಎರಡನೆಯ ಕಡತದ ತಲೆ ಕಟ್ಟಿನ ನಡುವೆ ಬಂದು ಕೂರುವುದು. ನಡುವಿನ ಘೋಷಣೆಯನ್ನು ಬ್ರೌಸರ್ ಲೆಕ್ಕಿಸದು. ಅದರಿಂದ ದೊಡ್ಡ ಹಾನಿಯಿಲ್ಲ. ಕಾಣದ ಅಕ್ಷರ ಮಾತ್ರ ತನ್ನ ಮುಂದಿನ ನಿಯಮದ ಹೆಸರಿಗೆ ಅಂಟಿಕೊಂಡು ಅದನ್ನು ಬೇರೆಯೇ ಹೆಸರನ್ನಾಗಿ ಮಾಡುವುದು. ಆಗ ಆ ಒಂದು ನಿಯಮ ಸದ್ದಿಲ್ಲದೆ ಬಿದ್ದುಹೋಗುವುದು. ಕಡತವನ್ನು ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಪುಟದಲ್ಲಿ ಮಾತ್ರ ಇರದು. ಇಂಗ್ಲಿಷಿನಲ್ಲಿ ಮಾತ್ರ ಬರೆಯುವವರಿಗೆ ಈ ತೊಂದರೆ ಅಪರೂಪ. ಆದ್ದರಿಂದಲೇ ಸಾಮಾನ್ಯ ಪಾಠಗಳಲ್ಲಿ ಇದರ ಸುದ್ದಿಯಿಲ್ಲ.

ಪರಿಹಾರ ಸುಲಭ. ಹಿಂದೆ ಹೇಳಿದ ಸ್ಯಾಸ್‌ಆಪ್ಷನ್ಸ್‌ನಲ್ಲಿ 'ಚಾರ್‌ಸೆಟ್' ಎಂಬುದಕ್ಕೆ ಇಲ್ಲವೆಂದು ಬರೆದರೆ ಕಂಪೈಲರ್ ಎರಡು ಗುರುತುಗಳನ್ನೂ ಬಿಟ್ಟುಬಿಡುವುದು. ಹಾಗಾದರೆ ಲಿಪಿ ಯಾವುದೆಂದು ಬ್ರೌಸರಿಗೆ ತಿಳಿಯುವುದು ಹೇಗೆ? ಸ್ಟೈಲ್‌ಷೀಟಿನಲ್ಲಿ ಗುರುತಿಲ್ಲದಿದ್ದರೆ, ಸರ್ವರೂ ಏನನ್ನೂ ಹೇಳದಿದ್ದರೆ, ಅದನ್ನು ಕರೆದ ಪುಟದ ಲಿಪಿಸಂಕೇತವೇ ಅದಕ್ಕೂ ಅನ್ವಯಿಸುವುದು. ಎಚ್.ಟಿ.ಎಂ.ಎಲ್.ನ ತಲೆಯಲ್ಲಿ ಯು.ಟಿ.ಎಫ್.-೮ ಎಂದು ತಪ್ಪದೆ ಬರೆದಿರಬೇಕು, ಅಷ್ಟೆ.

ಫಾಂಟಿನ ವಿಷಯ ಇನ್ನೊಂದು ಕಾಡು. ಸ್ಯಾಸ್ ತಾನಾಗಿ ವಿಳಾಸಗಳನ್ನು ತಿದ್ದುವುದಿಲ್ಲ. ಒಳಗಿನ ಕಡತವೊಂದರಲ್ಲಿ 'ಪಕ್ಕದ ಕೋಣೆಯಲ್ಲಿರುವ ಫಾಂಟು' ಎಂದು ಬರೆದರೆ ಕಂಪೈಲಾದ ಮೇಲೆ ಆ ಪಕ್ಕ ಯಾವ ಪಕ್ಕವೆಂಬುದು ಬದಲಾಗಿರುತ್ತದೆ. ಮುಖ್ಯ ಕಡತದ ಪಕ್ಕದಲ್ಲಿ ಹುಡುಕಿ ಸಿಗದೆ ವೆಬ್‌ಪ್ಯಾಕ್ ನಿಂತುಬಿಡುವುದು. ಸಿ.ಎಸ್.ಎಸ್.-ಲೋಡರಿಗೂ ಸ್ಯಾಸ್-ಲೋಡರಿಗೂ ನಡುವೆ 'ರಿಸಾಲ್ವ್-ಯು.ಆರ್.ಎಲ್.-ಲೋಡರ್' ಎಂಬುದನ್ನು ಸೇರಿಸಿ, ಸ್ಯಾಸ್-ಲೋಡರಿಗೆ ಮೂಲನಕ್ಷೆಯನ್ನು ಕೊಡುವಂತೆ ಹೇಳಿದರೆ ಇದು ಸರಿಹೋಗುವುದು. ಫಾಂಟಿನ ಘೋಷಣೆಯನ್ನು ಮುಖ್ಯ ಕಡತದಲ್ಲಿಯೇ ಬರೆಯುವುದು ಅದಕ್ಕಿಂತ ಸುಲಭ. ನಾವು ಹಾಗೆಯೇ ಮಾಡಿದೆವು. ವೀಟ್ ಈ ವಿಳಾಸಗಳನ್ನು ತಾನೇ ತಿದ್ದಿಕೊಳ್ಳುತ್ತದೆ, ವಿಳಾಸದ ಆರಂಭದಲ್ಲಿ ಸ್ಯಾಸಿನ ಹೆಸರೊಂದನ್ನು ಬಳಸಿರದಿದ್ದರೆ.

ಫಾಂಟುಗಳಲ್ಲಿ ನಾವು ಆರಿಸಿಕೊಂಡದ್ದು 'ನೋಟೋ ಸೆರಿಫ್ ಕನ್ನಡ'. ಡೆಬಿಯನ್ ಲಿನಕ್ಸಿನ ಸಂಗ್ರಹದಲ್ಲಿ 'ಗುಬ್ಬಿ' ಎಂಬ ಹೆಸರಿನ ಮುಕ್ತ ಕನ್ನಡ ಫಾಂಟೇ ಇದೆಯೆಂದು ತಿಳಿದಾಗ ಗುಬ್ಬಿಯಿಂದ ಬರುವ ಮಿತ್ರರು ಅದನ್ನೇ ಹಾಕಬೇಕೆಂದು ಹಟ ಹಿಡಿದರು. ಅದರ ಜೊತೆಗೆ 'ನವಿಲು' ಎಂಬ ಇನ್ನೊಂದು ಫಾಂಟೂ ಇರುವುದರಿಂದ ಅದು ಹಕ್ಕಿಯ ಹೆಸರೇ ಹೊರತು ಊರಿನದಲ್ಲವೆಂದು ಸಮಾಧಾನ ಹೇಳಬೇಕಾಯಿತು! ಆಯ್ಕೆಯಲ್ಲಿ ನಾವು ನೋಡಿದ್ದು ಹಳಗನ್ನಡದ ಎರಡು ಅಕ್ಷರಗಳನ್ನು, ಱ ಮತ್ತು ೞ. ಇವಿಲ್ಲದ ಫಾಂಟು ಶಾಸನಕ್ಕೆ ಕೆಲಸಕ್ಕೆ ಬಾರದು. ಫಾಂಟಿನಲ್ಲಿಲ್ಲದ ಅಕ್ಷರವನ್ನು ಬ್ರೌಸರ್ ಬೇರೊಂದರಿಂದ ತಂದು ತೇಪೆ ಹಾಕುವುದು, ಅಲ್ಲಿಯೂ ಸಿಗದಿದ್ದರೆ ಖಾಲಿ ಚೌಕ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಅದರಲ್ಲಿ ೞಕಾರಕ್ಕೆ ಕೊಟ್ಟಿರುವ ಇಂಗ್ಲಿಷ್ ಹೆಸರು ವಿಚಿತ್ರ: 'ಕನ್ನಡದ ಫ ಅಕ್ಷರ' ಎಂದು! ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಅವರ ಕಟ್ಟಳೆಯಾದ್ದರಿಂದ ತಪ್ಪು ಹಾಗೆಯೇ ನಿಂತು, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಕೊಟ್ಟಿದ್ದಾರೆ. ಫಾಂಟನ್ನು ಕನ್ನಡದ ಅಕ್ಷರಗಳಿಗೆ ಮಾತ್ರ ಬಳಸೆಂದು ವ್ಯಾಪ್ತಿಯನ್ನು ಗೊತ್ತುಪಡಿಸುವಾಗ ಆ ೧೨೮ರ ಜೊತೆಗೆ, ಅಕ್ಷರಗಳನ್ನು ಕೂಡಿಸುವ ಮತ್ತು ಬಿಡಿಸುವ ಕಾಣದ ಎರಡು ಗುರುತುಗಳನ್ನೂ, ಶ್ಲೋಕಾಂತ್ಯದ ದಂಡಗಳನ್ನೂ ಸೇರಿಸಬೇಕು. ಈ ಸ್ಥಾನಗಳು ಕನ್ನಡದ ವಿಭಾಗದ ಹೊರಗಿರುವುದರಿಂದ ಸುಲಭವಾಗಿ ಮರೆತುಹೋಗುವುವು.

ಕೊನೆಗೆ ಎಲ್ಲಕ್ಕೂ ಮೂಲವಾದ ಮಿಕ್ಸಿನ್. ಅದರಲ್ಲಿರುವುದು ಐದಾರು ಸಾಲು ಮಾತ್ರ. ಮೊದಲನೆಯದು ಸಾಲಿನ ಎತ್ತರ. ನಾವು ಹಾಕಿಕೊಂಡಿದ್ದ ಸಿದ್ಧ ವಿನ್ಯಾಸದಲ್ಲಿ ಶೀರ್ಷಿಕೆಗೆ ಅಕ್ಷರದಷ್ಟೇ ಎತ್ತರದ ಸಾಲು, ಅದರಾಚೆಗೆ ಚಾಚಿದುದನ್ನು ಮುಚ್ಚೆಂಬ ಅಪ್ಪಣೆ. ಒತ್ತಕ್ಷರವಿಲ್ಲದ ಲಿಪಿಗೆ ಅದು ಸಾಕು. ಕನ್ನಡದ ಅಕ್ಷರ ತೆಂಗಿನ ಸಸಿಯಂತೆ. ಕಾಣುವ ಗರಿಯಷ್ಟೇ ಅಲ್ಲ, ಕೆಳಗೆ ಬೇರಿಗೂ ಜಾಗ ಬೇಕು. ಶಾಸ್ತ್ರ, ಸ್ತ್ರೀ ಮುಂತಾದುವಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಪಾಠಕ್ಕೆ ೧.೭, ಶೀರ್ಷಿಕೆಗೆ ೧.೫ ಎಂದು ನಾವು ಗೊತ್ತುಮಾಡಿದ್ದೇವೆ. ಮುಚ್ಚುವ ಅಪ್ಪಣೆಯನ್ನು ಶೀರ್ಷಿಕೆಯಿಂದ ತೆಗೆದಿದ್ದೇವೆ. ಈ ಸಂಖ್ಯೆಗಳಿಗೆ ಅಳತೆಯ ಮಾನವನ್ನು ಸೇರಿಸಬಾರದು. ಬರಿಯ ಸಂಖ್ಯೆಯಾದರೆ ಪ್ರತಿಯೊಂದು ಬರಹವೂ ತನ್ನ ಅಕ್ಷರದ ಗಾತ್ರಕ್ಕೆ ಅದನ್ನು ಗುಣಿಸಿಕೊಳ್ಳುವುದು. ಮಾನ ಸೇರಿಸಿದರೆ ತಾಯಿಯ ಲೆಕ್ಕವೇ ಮಕ್ಕಳಿಗೂ ಬಂದು ದೊಡ್ಡ ಅಕ್ಷರಗಳು ಮತ್ತೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುವು. ಎರಡನೆಯದು, ಅಕ್ಷರಗಳ ನಡುವಣ ಹೆಚ್ಚಿನ ಅಂತರವನ್ನು ಸೊನ್ನೆ ಮಾಡಿರುವುದು. ಮೂರನೆಯದು, ಓರೆ ಅಕ್ಷರವನ್ನು ನೆಟ್ಟಗೆ ಮಾಡಿರುವುದು. ಕನ್ನಡಕ್ಕೆ ಓರೆಯ ಸಂಪ್ರದಾಯವಿಲ್ಲ, ಬ್ರೌಸರ್ ಅಕ್ಷರವನ್ನು ಹಿಡಿದು ವಾಲಿಸುವುದಷ್ಟೆ. ನಾಲ್ಕನೆಯದು ಪಟ್ಟಿಯ ಅಂಕಿ. ಸಿ.ಎಸ್.ಎಸ್.ನಲ್ಲಿ ಪಟ್ಟಿಯ ಶೈಲಿಗೆ 'ಕನ್ನಡ' ಎಂದು ಹೆಸರು ಕೊಟ್ಟರೆ ಸಾಕು, ೧, ೨, ೩ ಎಂದು ತಾನಾಗಿಯೇ ಬರುವುದು. ಇದು ಬಹು ಜನಕ್ಕೆ ಗೊತ್ತಿಲ್ಲ. ಶಾಸನಸಂಖ್ಯೆಗಳು ಕನ್ನಡ ಅಂಕಿಯಲ್ಲಿ ಸಾಲಾಗಿ ನಿಂತುದನ್ನು ಕಂಡು ನಮ್ಮ ಅಧ್ಯಾಪಕರು ಮೆಚ್ಚಿಕೊಂಡರು.

ಸಾಲೆತ್ತರದಂಥ ಸಣ್ಣ ವಿಷಯಕ್ಕೆ ಇಷ್ಟು ಪ್ರಯಾಸವೇಕೆ, ಓದುಗರು ಊಹಿಸಿಕೊಳ್ಳಲಾರರೆ ಎಂದು ಒಬ್ಬ ಮಿತ್ರರು ಕೇಳಿದರು. ಪುಸ್ತಕ ಓದಿ ಬೆಳೆದವರು ಊಹಿಸಿಕೊಳ್ಳುವರು, ನಿಜ. ಅವರು ಪದದ ಆಕಾರವನ್ನು ನೋಡಿಯೇ ಮುಂದೆ ಹೋಗುವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ಹಿರಿಯರು ಓದುವುದು ಅಕ್ಷರಕ್ಕೆ ಅಕ್ಷರ ಕೂಡಿಸಿ, ಬೆರಳಿಟ್ಟು. ಹಾಗೆ ಓದುವವರಿಗೆ 'ಹಳಿ' ಎಂದು ಕಂಡದ್ದು ಹಳಿಯೇ. ಊರ ಮುಂದಿನ ಕಲ್ಲನ್ನು ಜೀವಮಾನವೆಲ್ಲ ಹಾದುಹೋದವರು ಅದರಲ್ಲೇನು ಬರೆದಿದೆಯೆಂದು ಮೊದಲ ಬಾರಿಗೆ ಓದುವುದು ಈ ಪುಟದಲ್ಲಿ.

ಪರೀಕ್ಷೆಯ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಕಟ್ಟು ಸಿದ್ಧವಾದ ಮೇಲೆ ಒಬ್ಬರು ರೈಸ್ ಅವರ ಸಂಪುಟವನ್ನು ಹಿಡಿದು ಗಟ್ಟಿಯಾಗಿ ಓದುವರು. ಇನ್ನೊಬ್ಬರು ಇದ್ದುದರಲ್ಲಿ ಅಗ್ಗದ ಫೋನಿನಲ್ಲಿ ಪುಟವನ್ನು ಹಿಡಿದು ಸಾಲುಸಾಲಾಗಿ ತಾಳೆ ನೋಡುವರು. ತುಮಕೂರು ತಾಲ್ಲೂಕಿನ ಭಾಗ ಹೀಗೆ ಪೂರ್ತಿ ತಾಳೆಯಾಗಿದೆ, ಗುಬ್ಬಿಯದು ಅರ್ಧದಷ್ಟು. ಕುಣಿಗಲ್ಲಿನದನ್ನು ಮುಂದಿನ ತರಗತಿಯವರಿಗೆ ಬಿಟ್ಟಿದ್ದೇವೆ. ಸಂರಚನಾ ಕಡತವೂ, ಕನ್ನಡದ ಮಿಕ್ಸಿನ್ನೂ ವಿಭಾಗದ ಕಂಪ್ಯೂಟರಿನಲ್ಲಿವೆ. ಜೊತೆಗಿರುವ ಬೀಗದ ಕಡತದಲ್ಲಿ ಸ್ಯಾಸ್, ವೆಬ್‌ಪ್ಯಾಕ್, ಲೋಡರುಗಳು ಯಾವ ಯಾವ ಆವೃತ್ತಿಯವೆಂದು ದಾಖಲಾಗಿದೆ. ಹೊಸ ಯಂತ್ರಕ್ಕೆ ಹಾಕಿಕೊಳ್ಳುವವರು ಅದನ್ನು ಅಳಿಸದೆ ಅದರಲ್ಲಿರುವಂತೆಯೇ ಸ್ಥಾಪಿಸಿಕೊಳ್ಳಬೇಕು. ಆವೃತ್ತಿಯನ್ನು ಏರಿಸಬೇಕಾದರೆ ಒಂದು ಸಾರಿಗೆ ಒಂದನ್ನೇ ಏರಿಸಿ, 'ತ್ರುಟಿತ' ಎಂಬ ಪದ ಮೂಡುವುದೇ ಎಂದು ಮೊದಲು ನೋಡಿಕೊಳ್ಳಿ.